ನಮ್ಮ ಮನೆಯೊಂದನ್ನು ಬಿಟ್ಟು

ಮನೆಬಾಗಿಲಿಗೆ ಬಂದು ಬೆಲ್ ಒತ್ತುವವರನ್ನು ಕಂಡರೆ ಬಹಳ ಜನಕ್ಕೆ ಸಿಟ್ಟು. ನನಗೆ ಸಿಟ್ಟು ಬರುವುದು ಬೆಲ್ ಒತ್ತದೆ ಹೋಗುವವರ ಮೇಲೆ. ಇದು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೇ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಬಾಗಿಲು ತಟ್ಟಿಯೇ ಬದುಕಿದವನು. ಇವತ್ತು ಕೆನಡಾದ ವಾನ್‌ನಲ್ಲಿ ನನ್ನದೊಂದು ಫ್ಲೋರಿಂಗ್ ಅಂಗಡಿಯಿದೆ, ಮರದ ಹಲಗೆಯಿಂದ ಹಿಡಿದು ಕಾರ್ಪೆಟ್ಟಿನವರೆಗೆ ಕಾಲಡಿಗೆ ಹಾಸುವ ಯಾವುದನ್ನು ಕೇಳಿದರೂ ಕೊಡುತ್ತೇನೆ. ಆದರೆ ಮೀಸೆ ಮೂಡುವ ಮೊದಲು ನಾನು ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರದ ಓಣಿಗಳಲ್ಲಿ ಅಣ್ಣ ಈರಣ್ಣನ ಹಿಂದೆ ಊದಿನಕಡ್ಡಿಯ ಚೀಲ ಹೊತ್ತು ತಿರುಗಿದವನು. ಅಣ್ಣ ಬಾಗಿಲು ತಟ್ಟುತ್ತಿದ್ದ, ನಾನು ಚೀಲ ಬಿಚ್ಚುತ್ತಿದ್ದೆ. ಅವನು ನನಗೆ ಕಲಿಸಿದ ಪಾಠಗಳು ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. ಬಾಗಿಲು ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು, ಇಲ್ಲದಿದ್ದರೆ ತೆಗೆದವರು ಹೆದರುತ್ತಾರೆ. "ಬೇಕೇನ್ರಿ?" ಅಂತ ಅಪ್ಪಿತಪ್ಪಿಯೂ ಕೇಳಬಾರದು, "ಮಲ್ಲಿಗಿ ಕೊಡ್ಲೋ, ಚಂದನ ಕೊಡ್ಲೋ?" ಅಂತಲೇ ಕೇಳಬೇಕು, ಮಲ್ಲಿಗೆಯೋ ಚಂದನವೋ ಎಂಬ ಯೋಚನೆಗೆ ಬಿದ್ದ ಮನುಷ್ಯ 'ಬೇಡ' ಅನ್ನುವುದನ್ನೇ ಮರೆತುಬಿಡುತ್ತಾನೆ. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಮನೆಯನ್ನೂ ಬಿಡಬಾರದು. "ಬಾಗಲಾ ನೋಡಿ ಮಂದೀನ ಅಳೀಬ್ಯಾಡಲೇ ಬಸ್ಯಾ" ಅನ್ನುತ್ತಿದ್ದ. ಇಂಥ ಅಣ್ಣನ ಜೊತೆ ನಾನು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕೇಳಿದರೆ ನೀವೂ ನನ್ನ ಕಡೆಯೇ ಮಾತಾಡುತ್ತೀರಿ.

ಕಳೆದ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಮನೆ ಮುಂದೆ ಮೇಪಲ್ ಎಲೆ ಗುಡ್ಡೆ ಹಾಕುತ್ತಿದ್ದೆ. ನಮ್ಮ ಬೀದಿಯ ಆ ತುದಿಯಿಂದ ಇಬ್ಬರು ಹುಡುಗರು ಬಂದರು. ಬಿಳಿ ಅಂಗಿ, ಟೈ, ಕಪ್ಪು ಕೋಟು, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಒಬ್ಬ ನಮ್ಮೂರಿನ ಲೈಟುಕಂಬದಷ್ಟು ಉದ್ದ, ಚಳಿಗೆ ಕಿವಿ ಕೆಂಪಾಗಿತ್ತು. ಇನ್ನೊಬ್ಬ ಗಿಡ್ಡ, ಗುಂಡಗೆ, ನಗುಮುಖ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರು ಅಂತ ದೂರದಿಂದಲೇ ಗೊತ್ತಾಯಿತು. ಎಡಗಡೆಯ ಇಟಾಲಿಯನ್ ಅಜ್ಜಿಯ ಮನೆ ಬೆಲ್ ಒತ್ತಿದರು, ಅಜ್ಜಿ ಪರದೆಯ ಹಿಂದೆ ಅಡಗಿದಳು. ನಾನು ಎಲೆ ಬಾಚುವ ರೇಕನ್ನು ಗೋಡೆಗಾನಿಸಿ, ಕೈ ಒರೆಸಿಕೊಂಡು, ಹೇಗೆ ಸಾಗಹಾಕಲಿ ಅಂತ ಮಾತು ಜೋಡಿಸಿಕೊಳ್ಳುತ್ತಿದ್ದೆ. ಬಂದವರು ನಮ್ಮ ಬಾಗಿಲಿನ ತೋರಣ ನೋಡಿದರು, ಹೆಂಡತಿ ಶೈಲಾ ಹಾಕಿದ ರಂಗೋಲಿ ನೋಡಿದರು, ನನಗೊಂದು ನಗು ಕೊಟ್ಟರು, ಮತ್ತೆ ಸೀದಾ ಬಲಗಡೆಯ ಮನೆಗೆ ಹೋದರು!

ನೀವೇ ಹೇಳಿ, ಇದು ಅವಮಾನ ಹೌದೋ ಅಲ್ಲವೋ? ಇಡೀ ಬೀದಿಗೆ ಅವರ ದೇವರು ಬೇಕು, ನಮ್ಮ ಮನೆಗೆ ಮಾತ್ರ ಬೇಡ ಅಂತ ಇವರೇ ತೀರ್ಮಾನಿಸಿಬಿಟ್ಟರೇ? ಬೇಡ ಅನ್ನುವುದು ನನ್ನ ಹಕ್ಕು, ಅದನ್ನು ಇವರು ಹೇಗೆ ಕಸಿದುಕೊಳ್ಳುತ್ತಾರೆ? ಎಲೆ ಅಲ್ಲೇ ಬಿಟ್ಟು ಹಿಂದೆ ಓಡಿದೆ.

"ಏಯ್, ನಿಲ್ಲಿ. ನಮ್ಮನೆ ಯಾಕೆ ಬಿಟ್ಟಿರಿ?"

ಉದ್ದನೆಯ ಹುಡುಗ ಗಾಬರಿಯಾದ. ಅವನ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. "ಕ್ಷಮಿಸಿ ಸರ್, ಬಾಗಿಲಲ್ಲಿ ಎಲೆಗಳಿದ್ದವು... ನಿಮಗೆ ಈಗಾಗಲೇ ಒಂದು ನಂಬಿಕೆ ಇದೆ, ತೊಂದರೆ ಕೊಡಬಾರದು ಅಂತ..."

"ಈಗಾಗಲೇ ಇದ್ದವರೇ ಕೊಳ್ಳುವುದು! ಮನೆಯಲ್ಲಿ ಕಾರ್ಪೆಟ್ಟು ಇದ್ದವನೇ ನನ್ನ ಅಂಗಡಿಗೆ ಹೊಸ ಕಾರ್ಪೆಟ್ಟಿಗೆ ಬರುತ್ತಾನೆ. ಮಣ್ಣಿನ ನೆಲದವನು ಬರುತ್ತಾನೇನು?"

ಅಷ್ಟರಲ್ಲಿ ಶೈಲಾ ಬಾಗಿಲಿಗೆ ಬಂದಳು. ಅವಳು ಧಾರವಾಡದವಳು, ಬೀದಿಯಲ್ಲಿ ಯಾರಾದರೂ ನಿಂತು ಮಾತಾಡಿದರೆ ಅವಳಿಗೆ ತಡೆಯುವುದಿಲ್ಲ. "ಏನ್ರೀ, ಹುಡುಗರನ್ನ ಥಂಡ್ಯಾಗ ನಿಂದರ್ಸಿ ಏನ್ ಭಾಷಣಾ ಹೊಡ್ಯಾಕತ್ತೀರಿ? ಒಳಗ ಕರೀರಿ, ಚಹಾ ಇಡ್ತೇನಿ."

ಒಳಗೆ ಬಂದರು, ಚಹಾ ಬೇಡವೆಂದರು. ಕಾಫಿಯೂ ಬೇಡ. ಅವರ ಧರ್ಮದಲ್ಲಿ ಎರಡೂ ನಿಷಿದ್ಧವಂತೆ. ಶೈಲಾ ನನ್ನನ್ನು ನೋಡಿದಳು, ನಾನೇ ಏನೋ ಅಂದಿದ್ದೇನೆ ಎಂಬಂತೆ. ಕೊನೆಗೆ ಧನಿಯಾ ಜೀರಿಗೆ ಪುಡಿಯ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕೊಟ್ಟಳು. ಅದರ ಮೇಲೆ ನಿಷೇಧ ಹಾಕುವಷ್ಟು ಅವರ ಹಿರಿಯರಿಗೆ ಅದರ ಪರಿಚಯವಿರಲಿಲ್ಲ. ಗಿಡ್ಡ ಹುಡುಗ ಮೂರು ಲೋಟ ಕುಡಿದ. ಅವನು ಫಿಲಿಪ್ಪೀನ್ಸಿನವನು, ಹೆಸರು ರೇಯಿಸ್. ಉದ್ದನೆಯವನು ಅಮೆರಿಕದ ಐಡಹೋದವನು, ಹ್ಯಾನ್ಸನ್. ಇಬ್ಬರ ಹೆಸರಿನ ಮುಂದೆಯೂ 'ಎಲ್ಡರ್' ಅಂತ ಇತ್ತು. ಹ್ಯಾನ್ಸನ್‌ಗೆ ಹತ್ತೊಂಬತ್ತು. ಐವತ್ತಾರು ತುಂಬಿದ ನಾನು ಈ ಹುಡುಗನನ್ನು ಹಿರಿಯರೇ ಅನ್ನಬೇಕು! ಅಂದೆ, ಬಿಡಿ. ಗಿರಾಕಿಯನ್ನು ಏನೆಂದು ಕರೆಯಲೂ ನನ್ನ ನಾಲಿಗೆಗೆ ಅಭ್ಯಾಸವಿದೆ.

ಅವರ ದಿನಚರಿ ಕೇಳುತ್ತ ಕೇಳುತ್ತ ನನ್ನ ಸಿಟ್ಟು ದಿಕ್ಕು ಬದಲಿಸಿತು. ಬೆಳಿಗ್ಗೆ ಆರೂವರೆಗೆ ಏಳಬೇಕು. ಓದಬೇಕು, ಪ್ರಾರ್ಥಿಸಬೇಕು, ಆಮೇಲೆ ದಿನವಿಡೀ ನಡೆಯಬೇಕು. ಎರಡು ವರ್ಷ ಊರಿಗೆ ಹೋಗುವಂತಿಲ್ಲ. ಸಿನಿಮಾ ಇಲ್ಲ, ಹುಡುಗಿಯರ ಜೊತೆ ತಿರುಗಾಟ ಇಲ್ಲ. ಸೋಮವಾರ ಬಟ್ಟೆ ಒಗೆದುಕೊಳ್ಳುವ ದಿನ, ಮನೆಗೆ ಫೋನ್ ಮಾಡುವುದೂ ಅವತ್ತೇ. ಜೊತೆಗಾರನನ್ನು ಬಿಟ್ಟು ಎಲ್ಲೂ ಹೋಗುವಂತಿಲ್ಲ. ಒಬ್ಬನಿಗೆ ಹಲ್ಲುನೋವು ಬಂದರೆ ಇಬ್ಬರೂ ಡಾಕ್ಟರ ಹತ್ತಿರ. ಆರಾರು ವಾರಕ್ಕೊಮ್ಮೆ ಮೇಲಿನಿಂದ ಆದೇಶ ಬರುತ್ತದೆ, ಯಾರನ್ನು ಬೇಕಾದರೂ ಎತ್ತಿ ಬೇರೆ ಊರಿಗೆ ಹಾಕುತ್ತಾರೆ. ಇಷ್ಟಕ್ಕೆ ಸಂಬಳ? ಇಲ್ಲ. ಕೂಡಿಟ್ಟ ಕೈದುಡ್ಡು ಖರ್ಚು ಮಾಡಿಕೊಂಡು ಬಂದಿದ್ದಾರೆ! ಸಂಬಳವಿಲ್ಲದೆ ಬಾಗಿಲು ತಟ್ಟುವವರಿರುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನಗಂತೂ ಅದು ವೃತ್ತಿಗೇ ಮಾಡಿದ ಅಪಚಾರವೆನಿಸಿತು.

"ಈ ಊರಲ್ಲಿ ಎಷ್ಟು ಜನ ಒಳಗೆ ಕರೆದರು?" ಅಂತ ಕೇಳಿದೆ.

ಹ್ಯಾನ್ಸನ್ ಲೋಟ ನೋಡುತ್ತ ಹೇಳಿದ, "ಬಂದು ಎರಡು ವಾರ ಆಯಿತು ಸರ್. ನೀವೇ ಮೊದಲು. ಅದೂ ನೀವು ಬೈಯುವುದಕ್ಕೆ ಕರೆದದ್ದು."

ನನಗೆ ಪಾಪ ಅನಿಸಿತು ಅಂತ ನೀವು ತಿಳಿದರೆ ತಪ್ಪು. ನನಗೆ ಬಂದದ್ದು ಕೋಪ. ಇಷ್ಟು ಒಳ್ಳೆಯ ಮುಖ, ಇಷ್ಟು ಇಸ್ತ್ರಿ ಮಾಡಿದ ಅಂಗಿ, ಇಷ್ಟೊಂದು ಸಹನೆ ಇಟ್ಟುಕೊಂಡು ಒಂದು ಬಾಗಿಲು ತೆಗೆಸಲಾಗದಿದ್ದರೆ ಕಲಿಸಿದವರ ತಪ್ಪು. "ಮುಂದಿನ ಶನಿವಾರ ಬನ್ನಿ. ನಿಮ್ಮ ದೇವರ ವಿಷಯ ನನಗೆ ಹೇಳಬೇಡಿ, ಬಾಗಿಲ ವಿಷಯ ನಾನು ಹೇಳುತ್ತೇನೆ," ಅಂದೆ.

ನಮ್ಮ ಗರಾಜಿನಲ್ಲಿ ಒಂದು ಹಳೆಯ ಬಾಗಿಲಿತ್ತು. ಯಾವುದೋ ಗಿರಾಕಿಯ ಮನೆ ರಿಪೇರಿಯಲ್ಲಿ ಕಿತ್ತದ್ದು, ಎಸೆಯಲು ಮನಸ್ಸು ಬಾರದೆ ತಂದಿಟ್ಟಿದ್ದೆ. ಅದನ್ನು ಎರಡು ಕಟ್ಟಿಗೆ ಹೊಡೆದು ನಿಲ್ಲಿಸಿದೆ. ಪ್ರತಿ ಶನಿವಾರ ಅದರ ಒಂದು ಬದಿಗೆ ಹುಡುಗರು, ಇನ್ನೊಂದು ಬದಿಗೆ ನಾನು. ಅವರು ತಟ್ಟುವುದು, ನಾನು ಒಂದೊಂದು ಸಲ ಒಂದೊಂದು ಬಗೆಯ ಗಿರಾಕಿಯಾಗಿ ತೆಗೆಯುವುದು. ಅವಸರದ ಗಿರಾಕಿ, ಸಿಡುಕಿನ ಗಿರಾಕಿ, ಕೈಯಲ್ಲಿ ಕೂಸು ಇರುವ ಗಿರಾಕಿ. ಕೂಸಿನ ಬದಲು ಹತ್ತು ಕಿಲೋ ಅಕ್ಕಿಚೀಲ. ಶೈಲಾ ನೋಡಿ, "ಇದ್ದ ಬಾಗಲಾ ಸಾಲದಂತ ಸುಳ್ಳ ಬಾಗಲಾ ನಿಂದರ್ಸಿ ನಾಟಕಾ ನಡಿಸ್ಯಾರ," ಅಂದಳು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ದೇ ಆರ್ ನಾಟ್ ಯುವರ್ ಸೇಲ್ಸ್ ಟೀಮ್," ಅಂದಳು. ಯಾರೂ ಕಲಿಸಿಕೊಳ್ಳಲು ಸಿಗದ ಮನುಷ್ಯನ ಕಷ್ಟ ಇವರಿಗೇನು ಗೊತ್ತು?

ಎರಡು ಹೆಜ್ಜೆ ಹಿಂದೆ ನಿಲ್ಲುವುದನ್ನು ರೇಯಿಸ್ ಒಂದೇ ದಿನಕ್ಕೆ ಕಲಿತ. ಹ್ಯಾನ್ಸನ್‌ಗೆ ಮಾತ್ರ ಎರಡನೆಯ ಪಾಠ ತಲೆಗೆ ಹತ್ತಲೇ ಇಲ್ಲ. "ನಮ್ಮ ಸಂದೇಶ ಕೇಳಲು ನಿಮಗೆ ಆಸಕ್ತಿ ಇದೆಯೇ?" ಅಂತಲೇ ಶುರು ಮಾಡುತ್ತಿದ್ದ. ನಾನು ಬಾಗಿಲು ಮುಖಕ್ಕೇ ಹಾಕುತ್ತಿದ್ದೆ. "ಆಸಕ್ತಿ ಯಾರಿಗೂ ಇರೋದಿಲ್ಲ! ಮಂಗಳವಾರ ಬರಲೋ ಗುರುವಾರ ಬರಲೋ ಅಂತ ಕೇಳು." ಅವನು, "ಅದು ಮೋಸ ಅಲ್ಲವಾ ಸರ್? ಬೇಡ ಅನ್ನಲು ಅವರಿಗೆ ಅವಕಾಶ ಕೊಡಬೇಕಲ್ಲವಾ?" ಅನ್ನುತ್ತಿದ್ದ. ಇಂಥವನನ್ನು ಕಟ್ಟಿಕೊಂಡು ಏನು ಮಾಡಲಿ? ನನ್ನ ಕೈಕೆಳಗೆ ಕೆಲಸ ಮಾಡಿದವರಲ್ಲಿ ಇಷ್ಟು ಪ್ರಾಮಾಣಿಕ ಮನುಷ್ಯ ಒಬ್ಬನೂ ಉಳಿದಿಲ್ಲ.

ಹೀಗೆ ಒಂದು ಶನಿವಾರ ನಾನು 'ಹರಟೆಯ ಗಿರಾಕಿ'ಯಾಗಿದ್ದಾಗ ಹ್ಯಾನ್ಸನ್ ಅಭ್ಯಾಸಕ್ಕೆಂದು ಕೇಳಿದ, "ನಿಮ್ಮ ಕುಟುಂಬದಲ್ಲಿ ಯಾರ‍್ಯಾರಿದ್ದಾರೆ ಸರ್?"

"ಹೆಂಡತಿ, ಮಗಳು. ಒಬ್ಬ ಅಣ್ಣ ಇದ್ದ."

"ಓ, ಕ್ಷಮಿಸಿ. ಯಾವಾಗ ತೀರಿಕೊಂಡರು?"

"ಯಾಕೆ ತೀರಿಕೊಳ್ಳುತ್ತಾನೆ? ಹುಬ್ಬಳ್ಳಿಯಲ್ಲಿ ಗಟ್ಟಿಯಾಗಿದ್ದಾನೆ."

ಆಮೇಲೆ ಹೇಳಲೇಬೇಕಾಯಿತು. ನಿಮಗೂ ಹೇಳುತ್ತೇನೆ. ಅಣ್ಣನ ಮಗಳ ಮದುವೆ. ನಾನು ಹುಡುಗಿಯ ಸ್ವಂತ ಕಾಕಾ, ಮನೆಗೆ ಇರುವುದೇ ಒಬ್ಬ ಕಾಕಾ. ಲಗ್ನಪತ್ರಿಕೆ ಬಂತು. ಸುಖಾಗಮನ ಬಯಸುವವರ ಸಾಲಿನಲ್ಲಿ ಸೋದರಮಾವಂದಿರ ಹೆಸರಿದೆ, ಅಳಿಯಂದಿರ ಹೆಸರಿದೆ, ಸಂಬಂಧವೇ ಗೊತ್ತಾಗದ ಗದಗಿನವರೊಬ್ಬರ ಹೆಸರಿದೆ. ನನ್ನದಿಲ್ಲ. ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ ಚಿಕ್ಕಮಕ್ಕಳ ಹೆಸರು ಹಾಕಿ 'ನಮ್ಮ ಅಕ್ಕನ ಮದುವಿಗೆ ಎಲ್ಲಾರೂ ಬರ್ರಿ' ಅಂತ ಮುದ್ದಾಗಿ ಬರೆಸುತ್ತಾರಲ್ಲ, ಅದರ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, 'ಬಸವರಾಜ ಅಂಗಡಿ, ಕೆನಡಾ'. ಅದರ ಕೆಳಗೆ ಪ್ರಿಂಟಿಂಗ್ ಪ್ರೆಸ್ಸಿನ ಹೆಸರು. ಪ್ರೆಸ್ಸಿನ ಹೆಸರು ನನ್ನದಕ್ಕಿಂತ ದಪ್ಪ! ಫೋನ್ ಮಾಡಿ ಕೇಳಿದ್ದಕ್ಕೆ ಅಣ್ಣ, "ಪ್ರೆಸ್ಸಿನ ಹುಡುಗ ಬಿಟ್ಟಿದ್ದಾ, ಜಾಗಾ ಇದ್ದಲ್ಲೆ ತುರುಕ್ಯಾನ," ಅಂದ. ಪ್ರೂಫ್ ನೋಡಿದವರು ಯಾರು? ನಾನು ಮದುವೆಗೆ ಹೋಗಲಿಲ್ಲ. ಅವನು ಮತ್ತೆ ಫೋನ್ ಮಾಡಲಿಲ್ಲ. ತಪ್ಪು ಅವನದು, ಮೊದಲು ಮಾಡಬೇಕಾದವನು ಅವನು. ಶೈಲಾ ಮತ್ತು ಅಣ್ಣನ ಹೆಂಡತಿ, ನನ್ನ ವೈನಿ, ಮಾತ್ರ ವಾರಕ್ಕೊಮ್ಮೆ ಮಾತಾಡಿಕೊಳ್ಳುತ್ತಾರೆ, ಗಂಡಂದಿರಿಬ್ಬರೂ ಸತ್ತವರೆಂಬಂತೆ ನಮ್ಮ ವಿಷಯ ಬಿಟ್ಟು.

ಹ್ಯಾನ್ಸನ್ ಎಲ್ಲ ಕೇಳಿ, "ಈ ಬಾಗಿಲು ತಟ್ಟುವ ಪಾಠಗಳನ್ನು ನಿಮಗೆ ಕಲಿಸಿದವರು ಯಾರು ಸರ್?" ಅಂದ.

"ಅವನೇ. ಅದಕ್ಕೂ ಇದಕ್ಕೂ ಏನು ಸಂಬಂಧ? ಹಿಂದೆ ಸರಿದು ನಿಲ್ಲು, ಮತ್ತೆ ತಟ್ಟು."

ನಡುವೆ ಒಂದು ಅನಾಹುತವಾಯಿತು. ಒಂದು ಶನಿವಾರ ನಾನು ಅಂಗಡಿಯಿಂದ ಬರುವುದು ತಡವಾಯಿತು. ಮಗಳೂ ಇರಲಿಲ್ಲ. ಮನೆಯಲ್ಲಿ ಹೆಂಗಸು ಒಬ್ಬಳೇ ಇದ್ದರೆ ಈ ಹುಡುಗರು ಒಳಗೆ ಕಾಲಿಡುವಂತಿಲ್ಲವಂತೆ, ನಿಯಮ. ಶೈಲಾ ಕರೆದಳು, ಗದರಿದಳು, ಕೈಮುಗಿದಳು. ಅವರು ಹಿಮದಲ್ಲಿ ನಿಂತು ನಕ್ಕರು. ಕೊನೆಗೆ ಅವಳು ಬಿಸಿಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ತಾಟಿನಲ್ಲಿ ಹೊರಗೇ ಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕೈಗವಸು ಹಾಕಿಕೊಂಡೇ ತಿಂದರು. ಇಟಾಲಿಯನ್ ಅಜ್ಜಿ ಈ ಸಲ ಪರದೆ ಸರಿಸಿಯೇ ನೋಡಿದಳಂತೆ. "ಊಟಕ್ಕ ಬಂದ ಹುಡುಗರನ್ನ ಬರ್ಫಿನ್ಯಾಗ ಕುಂಡ್ರಿಸ್ಯಾಳ ಅಂತ ಓಣಿ ತುಂಬ ನನ್ನ ಹೆಸರು ಹಾಳಾತು, ಎಲ್ಲಾ ನಿಮ್ಮಿಂದ," ಅಂತ ಶೈಲಾ ನನ್ನ ಮೇಲೆ ಎರಗಿದಳು. ನಿಯಮ ಮಾಡಿದವರು ಯಾರೋ, ಬೈಸಿಕೊಳ್ಳುವವನು ನಾನು.

ಆದರೂ ಡಿಸೆಂಬರಿನ ಹೊತ್ತಿಗೆ ಬಾಗಿಲುಗಳು ತೆರೆಯತೊಡಗಿದ್ದವು. ಒಂದು ಮನೆಯಲ್ಲಿ ಬಿಸಿ ಚಾಕೊಲೇಟು ಕೊಟ್ಟರಂತೆ, ಇನ್ನೊಂದರಲ್ಲಿ ಸೋಫಾ ಎತ್ತಿಡಿಸಿಕೊಂಡರಂತೆ. ಸೋಫಾದ ವಿಷಯದಲ್ಲಿ ನನಗೆ ತಕರಾರಿತ್ತು. ಸುಮ್ಮನೆ ಎತ್ತಿಡಬೇಡಿ, ಎತ್ತಿಡುವಾಗ ಮಾತು ಶುರು ಮಾಡಿ ಅಂತ ಹೇಳಿದ್ದೆ. ಅಷ್ಟರಲ್ಲಿ ಬಂತು ನೋಡಿ ಮೇಲಿನ ಆದೇಶ. ಹ್ಯಾನ್ಸನ್ ಉತ್ತರದ ಯಾವುದೋ ಗಣಿ ಊರಿಗೆ ಹೋಗಬೇಕು. ಮುಂದಿನ ಮಂಗಳವಾರವೇ.

ಇದಕ್ಕಿಂತ ಅನ್ಯಾಯ ಉಂಟೇ? ಕಲಿಸಿ, ತಿದ್ದಿ, ತೀಡಿ, ಇನ್ನೇನು ನಾಲ್ಕು ಮಾತು ಸರಿಯಾಗಿ ಆಡುತ್ತಾನೆ ಅನ್ನುವಾಗ ಎತ್ತಿಕೊಂಡು ಹೋಗುವುದೇ? ನನ್ನ ಅಂಗಡಿಯಲ್ಲಿ ಹೀಗೆ ಮಾಡಿದ್ದರೆ ಎಂದೋ ಬೀಗ ಬೀಳುತ್ತಿತ್ತು. ಅವರ ಮುಖ್ಯಸ್ಥರ ನಂಬರು ಇಸಿದುಕೊಂಡು ಫೋನ್ ಮಾಡಿದೆ. ಬಹಳ ಸಜ್ಜನ ಮನುಷ್ಯ. ನಾನು ಇನ್ನಾರು ವಾರ ಕೇಳಿದೆ. ಆಗುವುದಿಲ್ಲ ಅಂದರು. ಮೂರು ವಾರಕ್ಕೆ ಇಳಿದೆ. ಆಗುವುದಿಲ್ಲ. ಬೇಕಾದರೆ ರೇಯಿಸ್‌ನನ್ನು ಕಳಿಸಿ, ಇವನನ್ನು ಬಿಡಿ ಅಂದೆ (ರೇಯಿಸ್, ಕ್ಷಮಿಸಪ್ಪ). ಅವರು ಮೆತ್ತಗೆ, "ಮಿಸ್ಟರ್ ಅಂಗಡಿ, ನಾವು ಪ್ರಾರ್ಥಿಸಿ ಮಾಡಿದ ತೀರ್ಮಾನ ಇದು," ಅಂದರು. ಮೂವತ್ತು ವರ್ಷದಿಂದ ನನ್ನ ಕೊನೆಯ ಅಸ್ತ್ರ ಒಂದೇ, 'ನಿಮ್ಮ ಮೇಲಿನವರನ್ನು ಕರೆಯಿರಿ' ಎನ್ನುವುದು. ಅದೂ ಇಲ್ಲಿ ನಡೆಯುವಂತಿರಲಿಲ್ಲ.

ಸೋಮವಾರ ಸಂಜೆ ಹ್ಯಾನ್ಸನ್ ರೇಯಿಸ್‌ನನ್ನು ಕರೆದುಕೊಂಡು ವಿದಾಯ ಹೇಳಲು ಬಂದ. ಬಟ್ಟೆ ಒಗೆದ ದಿನವಾದ್ದರಿಂದ ಸೋಪಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ತಾಯಿಗೆ ಫೋನ್ ಮಾಡಿದ್ದನಂತೆ; ಆರು ಮಕ್ಕಳಲ್ಲಿ ಕೊನೆಯವನು ಇವನು, ತಾಯಿ ಪ್ರತಿ ವಾರವೂ ಅಳುತ್ತಾಳಂತೆ. ನಾನು ಅವನನ್ನು ಸೀದಾ ಗರಾಜಿಗೆ ಕರೆದೊಯ್ದೆ. "ಕೊನೆಯ ಸಲ ತಟ್ಟಿ ತೋರಿಸು, ಆ ಗಣಿ ಊರಲ್ಲಿ ನನ್ನ ಹೆಸರು ಕೆಡಿಸಬೇಡ," ಅಂತ ಆ ಹಳೆಯ ಬಾಗಿಲ ಹಿಂದೆ ಹೋಗಿ ನಿಂತೆ.

ತಟ್ಟಿದ. ತೆಗೆದೆ. ಸರಿಯಾಗಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಕಿವಿ ಎಂದಿನಂತೆ ಕೆಂಪು.

"ನಮಸ್ಕಾರ ಮಿಸ್ಟರ್ ಅಂಗಡಿ. ನಿಮ್ಮ ಅಣ್ಣನಿಗೆ ಫೋನ್ ಮಾಡುವುದು ಶನಿವಾರವೋ ಭಾನುವಾರವೋ?"

"ಭಾನುವಾರ," ಅಂದೆ.

ಅಂದ ಮೇಲೆ ತಿಳಿಯಿತು. ಶನಿವಾರ ಅಂಗಡಿಯಲ್ಲಿ ಗದ್ದಲ, ಭಾನುವಾರ ಬಿಡುವು, ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಆ ಕಳ್ಳ ಆಗಲೇ ಜೇಬಿನಿಂದ ಒಂದು ಕಾರ್ಡು ತೆಗೆದು 'ಭಾನುವಾರ, ಬೆಳಿಗ್ಗೆ ಹತ್ತು' ಅಂತ ಬರೆದು ನನ್ನ ಕೈಗಿಟ್ಟ. ಒಪ್ಪಿಕೊಂಡದ್ದನ್ನು ಆಗಿಂದಾಗಲೇ ಬರೆದುಕೊಡಬೇಕು ಎಂಬುದೂ ನಾನೇ ಕಲಿಸಿದ್ದು. "ಇದು ಮೋಸ ಅಲ್ಲವಾ?" ಅಂತ ಕೇಳಿದೆ. "ನೀವು ಬೇಡ ಅನ್ನಬಹುದಿತ್ತು ಸರ್," ಅಂತ ನಕ್ಕ.

ಮರೆತುಬಿಡುತ್ತಿದ್ದೆ. ಆದರೆ ಭಾನುವಾರ ಒಂಬತ್ತೂವರೆಗೆ ಬೆಲ್ ಆಯಿತು. ರೇಯಿಸ್ ಮತ್ತು ಇನ್ನೊಬ್ಬ ಹೊಸ ಹುಡುಗ, ಚರ್ಚಿನ ದಾರಿಯಲ್ಲಿದ್ದವರು. "ಎಲ್ಡರ್ ಹ್ಯಾನ್ಸನ್ ನೆನಪಿಸಲು ಹೇಳಿದ," ಅಂತ ಹೇಳಿ, ಎರಡು ಹೆಜ್ಜೆ ಹಿಂದೆ ಸರಿದು, ಹೋಗಿಯೇಬಿಟ್ಟರು. ಈ ಸಲ ನಮ್ಮ ಮನೆ ಬಿಡಲಿಲ್ಲ ನೋಡಿ! ಬಿಡಬೇಕಾದಾಗ ಬಿಡುವುದಿಲ್ಲ.

ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿಂತಳು. ಹತ್ತಕ್ಕೆ ಸರಿಯಾಗಿ ನಂಬರು ಒತ್ತಿದೆ. ಹುಬ್ಬಳ್ಳಿಯಲ್ಲಿ ಅದು ರಾತ್ರಿ ಊಟದ ಹೊತ್ತು. ಅಣ್ಣನೇ ಎತ್ತಿದ. ನಾನು "ಹಲೋ" ಅಂದದ್ದಷ್ಟೇ.

"ಯಾವ ಬ್ಯಾಂಕ್ರೀ ನಿಮ್ದು? ಲೋನ್ ಬ್ಯಾಡ, ಕಾರ್ಡ್ ಬ್ಯಾಡ, ಏನೂ ಬ್ಯಾಡ. ಊಟಾ ಮಾಡಾಕತ್ತೇನಿ, ಇಡ್ರಿ!"

ಇಟ್ಟೇಬಿಟ್ಟ. ಜೀವಮಾನವಿಡೀ ಬಾಗಿಲು ತಟ್ಟಿದ ನನಗೆ, ನನ್ನ ಅಣ್ಣನೇ, ಬಾಗಿಲು ಹಾಕಿದ! ಮೈಯೆಲ್ಲ ಉರಿಯಿತು. ಫೋನು ಮೇಜಿನ ಮೇಲೆ ಕುಕ್ಕಿದೆ. ಶೈಲಾ ತಣ್ಣಗೆ, "ಮೊದಲನೇ ಸಲ ಬಾಗಲಾ ಹಾಕಿದ್ರ ಅದು ಇಲ್ಲ ಅಂದಂಗಲ್ಲ ಅಂತ ಆ ಹುಡುಗರಿಗೆ ಯಾರ ಹೇಳ್ತಿದ್ರು?" ಅಂದಳು. ಗರಾಜಿನಲ್ಲಿ ಆಡಿದ್ದೆಲ್ಲ ಅಡಿಗೆಮನೆಗೆ ಕೇಳಿಸುತ್ತದೆ ಎಂಬುದು ಈ ಮನೆ ಕೊಳ್ಳುವಾಗ ಯಾರೂ ಹೇಳಿರಲಿಲ್ಲ. ಮತ್ತೆ ಒತ್ತಿದೆ. ಅವನು ಬಾಯಿ ತೆಗೆಯುವ ಮೊದಲೇ ಹೇಳಿದೆ:

"ಊದಿನಕಡ್ಡಿ ತಂದೇನ್ರಿ. ಮಲ್ಲಿಗಿ ಕೊಡ್ಲೋ, ಚಂದನ ಕೊಡ್ಲೋ?"

ಆ ಕಡೆ ತಾಟು ಸರಿಸಿದ ಸಪ್ಪಳ ಕೇಳಿಸಿತು. ಆಮೇಲೆ ಅಣ್ಣನ ದನಿ, ಸ್ವಲ್ಪ ಒಡೆದು:

"ಎರಡ ಹೆಜ್ಜಿ ಹಿಂದ ಸರದ ನಿಂತ ಕೇಳಲೇ ಬಸ್ಯಾ. ಎಷ್ಟ ಸಲ ಹೇಳೇನಿ."

ನಂಬುತ್ತೀರೋ ಇಲ್ಲವೋ, ನಾನು ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿದೆ. ಬೆನ್ನು ಫ್ರಿಜ್ಜಿಗೆ ತಾಗಿತು.

ಆಮೇಲೆ ಜಗಳ ಶುರುವಾಯಿತು. ನೀನು ಫೋನೇ ಮಾಡಲಿಲ್ಲ ಅಂತ ಅವನು, ನೀನೇ ಮಾಡಬೇಕಿತ್ತು ಅಂತ ನಾನು. "ಮಾಡೇನಲೇ! ಎರಡ ದೀಪಾವಳಿಗೆ ಫೋನ್ ಹಚ್ಚೇನಿ. ಯಾವಾಕಿನೋ ಇಂಗ್ಲಿಷಿನ್ಯಾಗ ಈ ನಂಬರ ಇಲ್ಲ ಅಂತಾಳ. ಶೈಲಾನ ಕಡೆ ನಿನ್ನ ನಂಬರ ಕೇಳಬೇಕಂದ್ರ ನನಗೂ ಮಾನ ಐತೇನಿಲ್ಲೋ?"

ಹೌದು. ಎರಡೂವರೆ ವರ್ಷದ ಕೆಳಗೆ ಒಂದು ಹೊಸ ಕಂಪನಿಯವರ ಜೊತೆ ಒಂದು ಗಂಟೆ ಚೌಕಾಸಿ ಮಾಡಿ, ಅರ್ಧಕ್ಕರ್ಧ ಅಗ್ಗದ ಪ್ಲಾನು ತೆಗೆದುಕೊಂಡು, ಹಳೆಯ ನಂಬರು ಬಿಟ್ಟು ಹೊಸ ನಂಬರು ಮಾಡಿಸಿದ್ದೆ. ಆ ವ್ಯಾಪಾರದ ಕಥೆಯನ್ನು ವಾನ್‌ನಿಂದ ಅರೋರಾದವರೆಗೆ ಕನ್ನಡದವರು ಸಿಕ್ಕಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಅಣ್ಣನಿಗೊಬ್ಬನಿಗೆ ಹೇಳಿರಲಿಲ್ಲ. ಒಂದು ಮನೆ ಬಿಟ್ಟಿದ್ದೆ.

ಲಗ್ನಪತ್ರಿಕೆಯ ವಿಷಯಕ್ಕೆ ಬಂದೆ, ಸೋಲುವ ಜಾಯಮಾನ ನನ್ನದಲ್ಲ. ತಪ್ಪು ಪ್ರೆಸ್ಸಿನ ಹುಡುಗನದೇ ಅಂತ ಅವನು ಈಗಲೂ ಬಿಡಲಿಲ್ಲ. ಮುಂದಿನ ತಿಂಗಳು ಆ ಮಗಳ ಕೂಸಿನ ಜಾವಳವಂತೆ, ಕೂಸಿನ ಮೊದಲ ಕೂದಲು ತೆಗೆಸುವ ಸಂಭ್ರಮ. ಅದರ ಕಾರ್ಡು ಇನ್ನೂ ಪ್ರೆಸ್ಸಿಗೆ ಹೋಗಿಲ್ಲವಂತೆ. ಒಳ್ಳೆಯ ಸಮಯ ನೋಡಿ ಷರತ್ತು ಇಟ್ಟೆ: ನನ್ನ ಹೆಸರು ಮುಂದಿನ ಬದಿಯಲ್ಲಿ, ಮೊದಲ ಸಾಲಿನಲ್ಲಿ, ಪ್ರೆಸ್ಸಿನ ಹೆಸರಿಗಿಂತ ದಪ್ಪಕ್ಷರದಲ್ಲಿ, ಮತ್ತು ಪ್ರೂಫ್ ನನಗೆ ಕಳಿಸಬೇಕು. ಇಷ್ಟಕ್ಕೂ ಒಪ್ಪಿದರೆ ಬರುವ ವಿಷಯ ಆಮೇಲೆ ವಿಚಾರ ಮಾಡುತ್ತೇನೆ ಅಂತ ಗಂಭೀರವಾಗಿ ಹೇಳಿದೆ. ಅಣ್ಣ ನನ್ನ ಷರತ್ತಿಗೆ ಕಿವಿಗೊಡಲೇ ಇಲ್ಲ.

"ಅದೆಲ್ಲಾ ಇರಲಿ. ನೀ ಬಂದ ಇಳಿಯೋದು ಸೋಮವಾರನೋ ಮಂಗಳವಾರನೋ, ಅಷ್ಟ ಹೇಳು. ಗಾಡಿ ಕಳಸ್ತೇನಿ."

"ಮಂಗಳವಾರ," ಅಂದುಬಿಟ್ಟೆ.

ಒಂದೇ ವಾರದಲ್ಲಿ ಎರಡನೆಯ ಸಲ! ಶೈಲಾ ಆಗಲೇ ರೊಟ್ಟಿಹಿಟ್ಟಿನ ಕೈಯಲ್ಲೇ ವೈನಿಗೆ ಮೆಸೇಜು ಹಾಕುತ್ತಿದ್ದಳು. ಮಂಗಳವಾರದ ಟಿಕೆಟ್ಟು ಅಗ್ಗವೋ ಸೋಮವಾರದ್ದು ಅಗ್ಗವೋ ಅಂತ ನಾನು ನೋಡಿಕೂಡ ಇರಲಿಲ್ಲ.